ಆನ್ ಇದ್ದಾಗಲೇ ಕಿತ್ತ ಕೀಬೋರ್ಡ್

"ಫಸ್ಟು ಆಫ್ ಮಾಡೆ," ಎಂದಳು ಫಿರೋಜಾ.

"ಆಫ್ ಮಾಡಿದ್ರೆ ಮತ್ತೆ ಆನ್ ಆಗಕ್ಕೆ ಹತ್ತು ನಿಮಿಷ ಬೇಕು ಕಣೆ. ನಂಗೊತ್ತು, ಸುಮ್ನಿರು," ಎನ್ನುತ್ತ ಸೌಮ್ಯಶ್ರೀ ಕಂಪ್ಯೂಟರಿನ ಹಿಂದೆ ಕೈ ಹಾಕಿ ಕೀಬೋರ್ಡಿನ ವೈರನ್ನು ಕಿತ್ತೇಬಿಟ್ಟಳು.

ಹಳೇ ಕೀಬೋರ್ಡಿನಲ್ಲಿ 'ಕ' ಒತ್ತಿದರೆ ಒಳಗೇ ಅಂಟಿಕೊಳ್ಳುತ್ತಿತ್ತು. ಬೀರುವಿನಲ್ಲಿ ಇನ್ನೊಂದು ಇತ್ತು. ಇಡೀ ಐದನೇ ಕ್ಲಾಸಿನಲ್ಲಿ ಕನ್ನಡ ಟೈಪಿಂಗ್ ಬರುತ್ತಿದ್ದುದು ಸೌಮ್ಯಶ್ರೀಗೆ ಮಾತ್ರ. ಹಾಗಾಗಿ ಶಾಲೆಯ ಮಕ್ಕಳ ಪತ್ರಿಕೆ ಟೈಪ್ ಮಾಡುವ ಕೆಲಸವನ್ನು ಗಿರಿಜಾಂಬ ಮಿಸ್ ಅವಳಿಗೇ ಕೊಟ್ಟಿದ್ದರು. ಶನಿವಾರ ಪ್ರಿಂಟ್ ತೆಗೆಯಬೇಕಿತ್ತು.

ಹೊಸ ಕೀಬೋರ್ಡಿನ ದುಂಡನೆಯ ಪ್ಲಗ್ ತೂತಿಗೆ ಕೂರಲೊಲ್ಲದು. ತಿರುಗಿಸಿ ಅದುಮಿದಳು. ಕೊನೆಗೂ ಕೂತಿತು. ಆದರೆ ಕೀಬೋರ್ಡಿನ ಹಸಿರು ದೀಪ ಹತ್ತಲಿಲ್ಲ. ಹಳೆಯದನ್ನೇ ಮತ್ತೆ ಹಾಕಿದಳು. ಅದರದೂ ಹತ್ತಲಿಲ್ಲ.

ಮಿಸ್ ಬಂದು ಎಲ್ಲ ಕೀಗಳನ್ನೂ ಒತ್ತಿ ನೋಡಿದರು. "ರಾತ್ರಿ ಸಿಡಿಲು ಬಡೀತಲ್ಲ, ಅದರಿಂದಲೇ ಕೆಟ್ಟಿರಬೇಕು," ಎಂದರು.

ಸೌಮ್ಯಶ್ರೀ ಹೂಂ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಫಿರೋಜಾ ಒಮ್ಮೆ ಅವಳ ಮುಖ ನೋಡಿ, ತಲೆ ತಗ್ಗಿಸಿದಳು.

ಮಾರನೆಯ ದಿನ ಕಂಪ್ಯೂಟರ್ ರಿಪೇರಿ ಮಾಡುವ ಮುನೇಶ್ ಚನ್ನಪಟ್ಟಣದಿಂದ ಬಂದ. ತಾನು ತಂದಿದ್ದ ಕೀಬೋರ್ಡ್ ಹಾಕಿ ನೋಡಿದ. ಅದರ ದೀಪವೂ ಹತ್ತಲಿಲ್ಲ. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಅಲ್ಲಿ ಇಲ್ಲಿ ಮುಟ್ಟಿದ. "ಸಿಡಿಲು ಅಂದ್ರೆ ಏನೇನ್ ಹೋಗೈತೋ ಹೇಳಕ್ಕಾಗಲ್ಲ ಮೇಡಂ. ಅಂಗಡಿಗೆ ತಗೊಂಡೋಗಿ ಒಂದೊಂದೇ ನೋಡ್ಬೇಕು. ಒಂದು ವಾರ ಆಯ್ತದೆ."

"ಹಾಗಾದರೆ ಪತ್ರಿಕೆ ಈ ಸಲ ಇಲ್ಲ," ಎಂದರು ಮಿಸ್.

ತನ್ನ ಕುರಿಮರಿಯ ಮೇಲೆ ಫಿರೋಜಾ ಬರೆದ ಪದ್ಯ ಅದರೊಳಗಿತ್ತು. ಅವಳು ಅದನ್ನು ಮೂರು ಸಲ ತಿದ್ದಿ ಬರೆದಿದ್ದಳು. ಈಗಲೂ ಅವಳು ಬಾಯಿ ಬಿಡಲಿಲ್ಲ.

ಸೌಮ್ಯಶ್ರೀ ಎದ್ದು ನಿಂತಳು.

"ಮಿಸ್, ಅದು ಸಿಡಿಲಿಂದಲ್ಲ. ಆನ್ ಇದ್ದಾಗಲೇ ನಾನು ಕೀಬೋರ್ಡ್ ಕಿತ್ತು ಇನ್ನೊಂದು ಹಾಕ್ದೆ. ಫಿರೋಜಾ ಬೇಡ ಅಂದ್ಲು. ನಾನು ಕೇಳಲಿಲ್ಲ."

ಮಿಸ್ ಏನೋ ಹೇಳುವಷ್ಟರಲ್ಲಿ ಮುನೇಶ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಒಸಿ ನಿಧಾನವಾಗಿ ಹೇಳವ್ವ. ಪ್ಲಗ್ ನೆಟ್ಟಗೆ ಹೋಯ್ತಾ?"

"ಇಲ್ಲ ಅಣ್ಣ. ಸೊಟ್ಟಗಿತ್ತು. ತಿರುಗಿಸಿ ತಿರುಗಿಸಿ ಅದುಮ್ದೆ."

"ಸ್ಕ್ರೀನು?"

"ಸ್ಕ್ರೀನ್ ಚೆನ್ನಾಗೇ ಇತ್ತು. ಕೀಬೋರ್ಡ್ ಮಾತ್ರ ಹೋಯ್ತು."

ಮುನೇಶ್ ಭೂತಗನ್ನಡಿ ಹಿಡಿದು ಪ್ಲಗ್ ಕೂರುವ ತೂತಿನ ಪಕ್ಕ ಬಗ್ಗಿದ. ಅಲ್ಲಿ ಅಕ್ಕಿಕಾಳಿನಷ್ಟು ಚಿಕ್ಕದೊಂದು ಬಿಡಿಭಾಗ ಇತ್ತು. "ಇದೇ ಕಣವ್ವ. ಕರೆಂಟ್ ಇದ್ದಾಗ ಸೊಟ್ಟಗೆ ಅದುಮಿದ್ರೆ ಪಿನ್ನು ತಾಗಬಾರದ ಕಡೆ ತಾಗ್ತದೆ. ಒಳಗಿನ ಬೋರ್ಡ್ ಉಳೀಲಿ ಅಂತ ಈ ಫ್ಯೂಜು ತಾನೇ ಸುಟ್ಟೋಯ್ತದೆ."

ಅವನು ಅಂಥದೇ ಇನ್ನೊಂದನ್ನು ಚೀಲದಿಂದ ತೆಗೆದು ಬೆಸುಗೆ ಹಾಕಿದ. ಕೀಬೋರ್ಡ್ ಸಿಕ್ಕಿಸಿ, ಆಮೇಲೆ ಸ್ವಿಚ್ ಒತ್ತಿದ. ಹಸಿರು ದೀಪ ಹತ್ತಿತು.

"ಎಲ್ರೂ ತಾನಾಗೇ ಕೆಟ್ಟೋಯ್ತು ಅಂತಾರೆ ಮೇಡಂ. ಈ ಮಗಿ ಹೇಳಿದ್ದಕ್ಕೆ ವಾರದ ಕೆಲಸ ಅರ್ಧ ಗಂಟೆಗೆ ಮುಗೀತು."

ಮಿಸ್ ಸೌಮ್ಯಶ್ರೀಯನ್ನೇ ನೋಡಿದರು. "ನಿನ್ನೆಯೇ ಹೇಳಬೇಕಿತ್ತು."

"ಹೌದು ಮಿಸ್."

"ಹೋಗು, ಕೂತ್ಕೊ. ಇನ್ನೂ ನಾಲ್ಕು ಪುಟ ಟೈಪ್ ಮಾಡೋದಿದೆ."

ಅವಳು ಕೂತಳು. ಫಿರೋಜಾ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು.

ಸಂಜೆ ಅಪ್ಪ ಬಸವಕುಮಾರ್ ಎಂದಿನಂತೆ ಕೇಳಿದ, "ಇವತ್ತು ಎಷ್ಟು ಪುಟ ಟೈಪ್ ಮಾಡ್ದೆ?" ದಿನವೂ ಈ ಪ್ರಶ್ನೆಗೆ ಅವಳು ಬಾಗಿಲಲ್ಲೇ ಉತ್ತರ ಕೂಗುತ್ತಿದ್ದಳು.

ಇವತ್ತು ಬ್ಯಾಗ್ ಕೆಳಗಿಟ್ಟು, ಅಪ್ಪನ ಎದುರಿಗೆ ನೆಟ್ಟಗೆ ಕೂತಳು.

"ನಾನು ಕಂಪ್ಯೂಟರ್ ಕೆಡಿಸ್ಬುಟ್ಟಿದ್ದೆ ಅಪ್ಪ," ಎಂದು ಶುರುಮಾಡಿ, ಒಂದನ್ನೂ ಬಿಡದೆ ಹೇಳತೊಡಗಿದಳು.