ಮೂವತ್ತಮೂರು ಪುಸ್ತಕಗಳ ದಾನ

ತುಳಸಾಬಾಯಿ ಬೆಳ್ಳಿಯ ಹರಿವಾಣವನ್ನು ಸೊಸೆಯ ಕೋಣೆಯಲ್ಲಿದ್ದ ಕಪಾಟಿನ ಎದುರಿಗಿಟ್ಟು, ಕುಕ್ಕರಗಾಲಲ್ಲಿ ಕೂತು, ಪುಸ್ತಕಗಳನ್ನು ಒಂದೊಂದಾಗಿ ಹೊರಗೆಳೆದು ಎಣಿಸುತ್ತಿದ್ದಳು. ಶಾಲೆಯಿಂದ ಆಗಷ್ಟೇ ಬಂದ ನಲಿನಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೆಗಲಿನ ಚೀಲ ಜಾರಿ ಮೊಣಕೈಗೆ ತೂಗಾಡಿದ್ದೂ ಅವಳಿಗೆ ತಿಳಿಯಲಿಲ್ಲ. ಹದಿನೇಳು... ಹದಿನೆಂಟು... ಹಳೆಯ ಭಾಗವತವೊಂದರ ಬೆನ್ನುಪಟ್ಟಿ ಎಳೆದ ರಭಸಕ್ಕೆ ಕಿತ್ತು ತುಳಸಾಬಾಯಿಯ ಕೈಗೆ ಬಂತು. ಅವಳು ಅದನ್ನು ಪುಸ್ತಕದೊಳಗೆ ತುರುಕಿ, ಹತ್ತೊಂಬತ್ತು ಎಂದಳು.

"ಅತ್ಯಾ, ಏನು ಮಾಡ್ಲಿಕ್ಕತ್ತೀರಿ?"

"ಅಧಿಕ ಮಾಸ ಮುಗೀಲಿಕ್ಕೆ ಬಂತು. ಅಳಿಯಂದ್ರಿಗೆ ಮೂವತ್ತಮೂರರ ದಾನ ಕೊಡಬೇಕಲ್ಲ. ಅನಾರಸದ ಸಿಹಿ ಬ್ಯಾಡಂತ, ಬತ್ತಾಸ ಬ್ಯಾಡಂತ. ಇವನ್ನ ಕೇಳ್ಯಾರ."

"ಇವು ನನ್ನವು."

"ನಿನ್ನವು ಹ್ಯಾಂಗಾಗ್ತಾವ? ದೇವರವು ಅಂತ ನೀನೇ ಹೇಳಿದ್ದಿ."

ಹೌದು, ನಲಿನಿಯೇ ಹೇಳಿದ್ದಳು. ಹದಿನಾಲ್ಕು ವರ್ಷಗಳ ಹಿಂದೆ ರಾಯಚೂರಿನಿಂದ ಕಾಚಿಗುಡದ ಈ ಮನೆಗೆ ಸೊಸೆಯಾಗಿ ಬಂದವಳು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಭಾನುವಾರ ಬಂತೆಂದರೆ ಕೋಠಿಯ ಮೇಲಿಂದ ಆಬಿಡ್ಸ್‌ ಪೇಟೆಯವರೆಗೆ ನಡೆದೇ ಹೋಗಿ, ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತಿನಲ್ಲಿ ಹರವಿದ ಹಳೆಯ ಪುಸ್ತಕಗಳ ನಡುವೆ ಕೂರುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ ಬಗೆಯವು. ನೂರು, ನೂರೈವತ್ತು ವರ್ಷ ಹಿಂದಿನವು. ದೇವರ ಚಿತ್ರಗಳನ್ನು ಮರದ ಹಲಗೆಯಲ್ಲೋ ತಾಮ್ರದ ತಗಡಿನಲ್ಲೋ ಕೆತ್ತಿ ಅಚ್ಚೊತ್ತಿದವು. ಮುಂಬಯಿಯ ಪೋಥಿ, ಮದರಾಸಿನ ತೆಲುಗು ರಾಮಾಯಣ, ಯಾವುದೋ ಪಾದ್ರಿ ಬಿಟ್ಟುಹೋದ ಏಸುವಿನ ಕಥೆ... ಮುದುಕ ವ್ಯಾಪಾರಿಗಳು ಟೀಚರಮ್ಮನಿಗೆಂದು ತಸ್ವೀರುಗಳಿದ್ದವನ್ನು ಗೋಣಿಚೀಲದಡಿ ಬಚ್ಚಿಟ್ಟಿರುತ್ತಿದ್ದರು. ಮೊದಲ ವರ್ಷ ತುಳಸಾಬಾಯಿ ರದ್ದಿಯವನನ್ನು ಕರೆದು ಎಲ್ಲವನ್ನೂ ತಕ್ಕಡಿಗೆ ಹಾಕಿದ್ದಳು. ಆಗ ನಲಿನಿ ಓಡಿ ಬಂದು, ದೇವರ ಪುಸ್ತಕ ಅತ್ಯಾ, ತೂಕಕ್ಕ ಹಾಕಿದ್ರ ಮನಿಗೆ ಒಳ್ಳೇದಲ್ಲ ಎಂದುಬಿಟ್ಟಳು. ತುಳಸಾಬಾಯಿ ಕೈ ಹಿಂದೆಗೆದು ಕೆನ್ನೆ ಬಡಿದುಕೊಂಡಳು. ದೇವರನ್ನು ನಂಬುವುದನ್ನು ಎಂದೋ ಬಿಟ್ಟಿದ್ದ ನಲಿನಿ ಅಂದಿನಿಂದ ಅದೇ ದೇವರ ಬೆನ್ನ ಹಿಂದೆ ಅವಿತು ತನ್ನ ಪುಸ್ತಕಗಳನ್ನು ಉಳಿಸಿಕೊಂಡಿದ್ದಳು.

ಅವಳು ಹುಡುಕುತ್ತಿದ್ದುದು ದೇವರನ್ನಲ್ಲ, ದೇವರನ್ನು ಕೆತ್ತಿದವರನ್ನು. ಪುಸ್ತಕದ ಮೊದಲ ಪುಟದಲ್ಲಿ ಬರೆದ ಪಂಡಿತನ ಹೆಸರಿರುತ್ತಿತ್ತು, ಹಣ ಹಾಕಿದ ಸೇಠನ ಹೆಸರಿರುತ್ತಿತ್ತು. ಕೆತ್ತಿದವನ ಹೆಸರು ಬೇಕೆಂದರೆ ಭೂತಗನ್ನಡಿ ಹಿಡಿದು ಚಿತ್ರದ ಕೆಳಗಿನ ಅಂಚಿನಲ್ಲಿ, ಶೇಷನ ಬಾಲದಡಿಯೋ ತುಳಸಿಕಟ್ಟೆಯ ಬುಡದಲ್ಲೋ ತಡಕಬೇಕು. ತಾಮ್ರಗೆಲಸದ ಕಾಸಾರ, ಕಮ್ಮಾರ, ಬಡಗಿ... ಗುಡಿಯ ಹೊರಗೇ ನಿಲ್ಲಬೇಕಿದ್ದ ಜನ, ಆ ಗುಡಿಯೊಳಗಿನ ದೇವರನ್ನು ಹಲಗೆಯ ಮೇಲೆ ತಿರುವುಮುರುವಾಗಿ ಕೆತ್ತಿದರು, ಕಾಗದದ ಮೇಲೆ ಅವನು ನೆಟ್ಟಗೆ ಮೂಡಲೆಂದು. ಕಪಾಟಿನ ಮೂವತ್ತಮೂರು ಪುಸ್ತಕಗಳಿಂದ ಅಂಥ ನಲವತ್ತೆಂಟು ಹೆಸರುಗಳನ್ನು ನಲಿನಿ, ಎಲ್ಲಿ ಸಿಕ್ಕವೆಂಬ ವಿವರದೊಂದಿಗೆ, ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಸುಲ್ತಾನ್ ಬಜಾರಿನ ಹತ್ತಿರದ ಒಂದು ಸಣ್ಣ ಕನ್ನಡ ವಾಚನಾಲಯದ ಚನ್ನಬಸಪ್ಪ ಎಂಬ ಹಿರಿಯರು ಅದನ್ನು ನೋಡಿ ಕಣ್ಣೊರೆಸಿಕೊಂಡರು. ಪುಸ್ತಕಗಳಿಗೆ ಒಂದು ಕೋಣೆ ಕೊಡುತ್ತೇವೆ, ಹೆಸರುಗಳ ಪಟ್ಟಿಯನ್ನು ನಿಮ್ಮ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇವೆ ಎಂದರು. ಜೂನಿನಲ್ಲೇ ಆಗಬೇಕಿತ್ತು. ಅಧಿಕ ಆಷಾಢ ಬಂದಿದೆ, ಈ ತಿಂಗಳು ಹೊಸ ಕೆಲಸ ಶುರುಮಾಡುವುದು ಬೇಡ, ನಿಜ ಆಷಾಢ ಹುಟ್ಟಿದ ಮೇಲೆ ನೋಡೋಣ ಎಂದು ಕಮಿಟಿಯವರು ಹೇಳಿದಾಗ, ನಲಿನಿ ಒಂದು ತಿಂಗಳಲ್ಲವೇ ಎಂದು ತಲೆಯಾಡಿಸಿ ಬಂದಿದ್ದಳು. ತೊಂಬತ್ತಾರನೆಯ ಇಸವಿಯ ಆ ಒಂದು ತಿಂಗಳು ಅವಳ ಹದಿನಾಲ್ಕು ವರ್ಷಗಳನ್ನು ನುಂಗಿತು.

ನಾದಿನಿ ಮಂದಾಕಿನಿಯ ಗಂಡ ಪ್ರಹ್ಲಾದರಾವ್ ಕೂಕಟ್‌ಪಲ್ಲಿಯಲ್ಲಿ ಹೋಟೆಲುಗಳ ಒಳಾಂಗಣ ಸಜ್ಜು ಮಾಡಿಸುವ ಗುತ್ತಿಗೆದಾರ. ಮದುವೆಯಲ್ಲಿ ಮಾನಪಾನದ ಉಡುಗೊರೆ, ಉಪಚಾರ ಸರಿಯಾಗಲಿಲ್ಲವೆಂದು ಅವನಿಗೆ ಒಂದೇ ಕೊರಗು. ಮಂದಾಕಿನಿಯನ್ನು ಮೂರು ತಿಂಗಳ ಹಿಂದೆ ತವರಿಗೆ ತಂದುಬಿಟ್ಟಿದ್ದ. ಹೆಂಡತಿಯನ್ನು ನೋಡುವ ನೆಪದಲ್ಲಿ ಒಮ್ಮೆ ಬಂದವನು, ಅವಳ ಕಡೆ ಕಣ್ಣೆತ್ತಿಯೂ ನೋಡದೆ, ಕಪಾಟಿನ ಮುಂದೆ ಅರ್ಧ ತಾಸು ನಿಂತಿದ್ದ. ಮರುದಿನವೇ ಹೇಳಿಕಳಿಸಿದ: ಅಳಿಯನನ್ನು ಸಾಕ್ಷಾತ್ ವಿಷ್ಣುವೆಂದು ಕರೆದು ಕೊಡುವ ದಾನ, ಕೊಡುವುದಾದರೆ ಆ ಚಿತ್ರದ ಪುಸ್ತಕಗಳನ್ನೇ ಕೊಡಲಿ, ಅಂದೇ ಮಂದಾಕಿನಿಯನ್ನು ಕರೆದೊಯ್ಯುತ್ತೇನೆ.

ತುಳಸಾಬಾಯಿ ವಿಧವೆ. ಅವಳ ಕೈಯ ದಾನ ಸಲ್ಲದಂತೆ. ಮಗ ಗುರುರಾಜ ಮಣೆಯ ಮೇಲೆ ಕೂರಬೇಕು, ಅವನ ಅಂಗೈ ಮೇಲೆ ಅವನ ಹೆಂಡತಿ ನೀರು ಬಿಡಬೇಕು. ಆ ನೀರು ಬಿದ್ದರೆ ಕೊಟ್ಟ ವಸ್ತುವಿನ ಮೇಲೆ ಮನೆಯ ಯಾರಿಗೂ ಮಾತಿಲ್ಲ. ಬೀಳದಿದ್ದರೆ ದಾನವೇ ಇಲ್ಲ. ಈ ಏರ್ಪಾಡು ಮಾಡಿದವರು ಎಂಥ ಜಾಣರು! ಮನೆಯ ಯಾವ ವಸ್ತುವೂ ಸೊಸೆಯದಲ್ಲ, ಅದನ್ನು ಕಳೆಯುವಾಗ ಮಾತ್ರ ಅವಳ ಕೈ ಬೇಕು. ಕಳೆದುಕೊಳ್ಳುವವಳ ಕೈಯಿಂದಲೇ ಒಪ್ಪಿಗೆಯ ನೀರು ಬಿಡಿಸಿ, ಅದಕ್ಕೆ ಪುಣ್ಯವೆಂದು ಹೆಸರಿಟ್ಟರು.

ಆಫೀಸಿನಿಂದ ಬಂದ ಗುರುರಾಜನ ಮುಂದೆ ನಲಿನಿ ಎಲ್ಲವನ್ನೂ ಹೇಳಿದಳು. ವಾಚನಾಲಯದ ಮಾತು ಹೇಳಿದಳು, ಪುಸ್ತಕಗಳು ಚದುರಿದರೆ ಆ ಹೆಸರುಗಳಿಗೆ ಇನ್ನೊಂದು ಜನ್ಮವಿಲ್ಲವೆಂದು ಹೇಳಿದಳು. ಅವನು ಅಂಗಿಯ ಗುಂಡಿ ಬಿಚ್ಚುತ್ತ ಕಿಟಕಿಯ ಕಡೆ ನೋಡುತ್ತಿದ್ದ.

"ನನ್ನ ತಂಗೀ ಬಾಳೇವು ನೋಡು ನಲಿನಿ. ಪುಸ್ತಕ ಏನು, ಮತ್ತ ಸಿಗ್ತಾವ."

"ಎಲ್ಲಿ ಸಿಗ್ತಾವ್ರಿ? ಜಾಗಾ ಹೇಳ್ರಿ, ನಾಳೇನ ಹೋಗಿ ತರ್ತೀನಿ."

ಅವನು ಅಂಗಿಯನ್ನು ಗೂಟಕ್ಕೆ ಹಾಕಿ, ಚಹಾ ಆಗಿದೆಯೇ ಎಂದು ತಾಯಿಯನ್ನು ಕೇಳುತ್ತ ಒಳಗೆ ಹೋದ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಂದಾಕಿನಿ ಹೆಸರುಬೇಳೆ ಆರಿಸುತ್ತ ಕೂತಿದ್ದಳು. ಇಪ್ಪತ್ಮೂರರ ಹುಡುಗಿ, ಮೂರು ತಿಂಗಳಲ್ಲಿ ಕೊರಳ ಎಲುಬುಗಳು ಎದ್ದು ಕಾಣುತ್ತಿದ್ದವು. ನಲಿನಿ ಪಕ್ಕದಲ್ಲಿ ಕೂತು, ನಾನು ನೀರು ಬಿಡದಿದ್ದರೆ ನೀನು ನನ್ನನ್ನು ಬಯ್ಯುತ್ತೀಯಾ ಎಂದು ಮೆಲ್ಲಗೆ ಕೇಳಿದಳು. ಮಂದಾಕಿನಿ ಬೇಳೆಯೊಳಗಿನ ಕಲ್ಲೊಂದನ್ನು ಆರಿಸಿ ಬದಿಗಿಟ್ಟಳು.

"ನಾ ಬೇಡಿಕೊಳ್ಳೂದಿಲ್ಲ ವೈನಿ. ನಿಮ್ಮ ಜೀವ ಅದರಾಗ ಅದ, ನಂಗೊತ್ತದ. ಆದ್ರ ಅವ್ವ ಊಟಕ್ಕ ನೀಡೂವಾಗ ನನ್ನ ತಾಟಿನ ಕಡೆ ನೋಡೂದಿಲ್ಲ. ಮಾರಿ ಆ ಕಡೆ ತಿರುಗಿಸಿ ಅನ್ನ ಹಾಕ್ತಾಳ... ಇಲ್ಲಿ ಹ್ಯಾಂಗಿರ್ಲಿ ಹೇಳ್ರಿ."

ನಲಿನಿ ಅವಳ ಕೈಯಿಂದ ಮೊರ ತೆಗೆದುಕೊಂಡು ಉಳಿದ ಬೇಳೆಯನ್ನು ತಾನೇ ಆರಿಸಿದಳು.

ದಾನದ ದಿನ ನಡುಮನೆಯಲ್ಲಿ ಆಚಾರ್ಯರು ಸಂಕಲ್ಪ ಹೇಳುತ್ತಿದ್ದರು. ಗುರುರಾಜ ಪಟ್ಟೆಮಡಿ ಉಟ್ಟು ಮಣೆಯ ಮೇಲೆ, ಎದುರಿಗೆ ಪ್ರಹ್ಲಾದರಾವ್, ನಡುವೆ ಹರಿವಾಣದಲ್ಲೂ ಬಾಳೆಲೆಯ ಮೇಲೂ ಪೇರಿಸಿದ ಪುಸ್ತಕಗಳು. ಪ್ರತಿಯೊಂದರ ಮೇಲೆ ಒಂದು ತುಳಸಿದಳ. ನಲಿನಿ ತಂಬಿಗೆ ಹಿಡಿದು ಗಂಡನ ಬಲಕ್ಕೆ ನಿಂತಿದ್ದಳು. ಮಂತ್ರ ನಡೆದಿರುವಾಗಲೇ ಪ್ರಹ್ಲಾದರಾವ್ ಮೇಲಿನ ಪುಸ್ತಕ ತೆರೆದ. ಗಜೇಂದ್ರಮೋಕ್ಷದ ಚಿತ್ರ. ಹೆಬ್ಬೆರಳು ಕಿರುಬೆರಳು ಅಗಲಿಸಿ ಅದರ ಮೇಲೆ ಗೇಣು ಹಾಕಿದ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ತುಟಿಯಲ್ಲೇ ಏನೋ ಲೆಕ್ಕ ಹಾಕಿದ. ಡ್ರಾಯಿಂಗ್ ಕಲಿಸುವವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚೌಕಟ್ಟಿನ ಅಳತೆ... ಇವನು ಇವನ್ನು ಓದಲು ಒಯ್ಯುತ್ತಿಲ್ಲ, ಕತ್ತರಿಸಲು ಒಯ್ಯುತ್ತಿದ್ದಾನೆ.

"ನೀರು ಬಿಡ್ರಿ ಅಮ್ಮಾ," ಎಂದರು ಆಚಾರ್ಯರು.

ತಂಬಿಗೆ ಅಲುಗಲಿಲ್ಲ. ಗುರುರಾಜ ಚಾಚಿದ ಅಂಗೈ ಹಾಗೇ ಇತ್ತು. ಆಚಾರ್ಯರು ಮಂತ್ರವನ್ನು ಮತ್ತೆ ಮೊದಲಿನಿಂದ ಹೇಳಿದರು. ತುಳಸಾಬಾಯಿ ಗೋಡೆಯ ಬದಿಯಿಂದ, ಎಲ್ಲರಿಗೂ ಕೇಳುವಂತೆ, ಅಳಿಯಂದ್ರ ಹೊತ್ತು ಮೀರ್ತದ ಎಂದಳು. ನಲಿನಿ ತಲೆಯೆತ್ತಿದಳು. ಬಾಗಿಲಲ್ಲಿ ಮಂದಾಕಿನಿ ಆಗಲೇ ಹೋಗುವ ಸೀರೆ ಉಟ್ಟು, ಕಾಲ ಬಳಿ ಟ್ರಂಕು ಇಟ್ಟುಕೊಂಡು ನಿಂತಿದ್ದಳು. ಅವಳ ಕಣ್ಣು ಅಲ್ಲಿದ್ದ ಯಾರ ಮೇಲೂ ಇರಲಿಲ್ಲ, ತಂಬಿಗೆಯ ಬಾಯಿಯ ಮೇಲಿತ್ತು.

ನಲಿನಿ ನೀರು ಬಿಟ್ಟಳು. ತೆಳ್ಳಗೆ, ಕಡಿಯದಂತೆ, ಮುಗಿಯುವವರೆಗೂ ಬಿಟ್ಟಳು.

ನಿಜ ಆಷಾಢ ಹುಟ್ಟಿದ ಮೇಲೆ ಅವಳು ನೋಟುಬುಕ್ಕನ್ನಷ್ಟೇ ಹಿಡಿದು ವಾಚನಾಲಯಕ್ಕೆ ಹೋದಳು. ಚನ್ನಬಸಪ್ಪ ಪುಟಪುಟ ತಿರುವಿದರು. "ಚಿತ್ರ ಇಲ್ಲದ ಹೆಸರಿಗೆ ಸಾಕ್ಷಿ ಏನೈತ್ರಿ ಅಕ್ಕಾರ? ನೀವs ಕಟ್ಟಿ ಬರದೀರಿ ಅಂತಾರ ಮಂದಿ," ಎಂದು ಎರಡೂ ಕೈಯಲ್ಲಿ ಅದನ್ನು ವಾಪಸು ಕೊಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಮಳೆಗಾಲದಲ್ಲಿ ನಲಿನಿ ಆಬಿಡ್ಸ್‌ನ ಕಡೆ ಹೋಗುವುದನ್ನು ಬಿಟ್ಟಳು.

ಮರುವರ್ಷ ಮಂದಾಕಿನಿಗೆ ಏಳು ತಿಂಗಳು ತುಂಬಿತು. ಬಸುರಿಯ ಕುಬಸವನ್ನು ಪ್ರಹ್ಲಾದರಾವ್ ತಾನೇ ಸಜ್ಜು ಮಾಡಿಸಿದ್ದ ಹೋಟೆಲಿನ ಹಾಲಿನಲ್ಲಿ ಇಟ್ಟುಕೊಂಡ. ಅಲ್ಲಿಂದಲೇ ಹೆರಿಗೆಗೆ ತವರಿಗೆ ಕಳಿಸುವುದೆಂದಾಗಿತ್ತು. ಮೂರೂ ಗೋಡೆಗಳ ಮೇಲೆ ಬಂಗಾರಬಣ್ಣದ ಚೌಕಟ್ಟುಗಳು, ಪ್ರತಿಯೊಂದರಲ್ಲಿ ಒಬ್ಬ ದೇವರು, ಏಸುವಿನ ಪಕ್ಕದಲ್ಲಿ ನರಸಿಂಹ. ಚೌಕಟ್ಟಿಗೆ ಸರಿಹೊಂದಲೆಂದು ಕೆಳಗಿನ ಅಂಚನ್ನು ನೀಟಾಗಿ ಕತ್ತರಿಸಿದ್ದರು. ಶೇಷನಿಗೆ ಬಾಲವಿರಲಿಲ್ಲ. ನಲಿನಿ ಒಂದರಿಂದ ಇನ್ನೊಂದಕ್ಕೆ ನಡೆಯುತ್ತ ಹೋದಳು; ಒಂದು ಹೆಸರೂ ಉಳಿದಿರಲಿಲ್ಲ. ಬೀಗರ ಹೆಂಗಸೊಬ್ಬಳು, ನಿಮ್ಮ ಅಳಿಯಂದ್ರಿಗೆ ಏನು ಕಲೆ ಅದರಿ ಎಂದಳು. ತುಳಸಾಬಾಯಿ ಸಂತೋಷದಿಂದ ಕಣ್ಣೊರೆಸಿಕೊಂಡು, ಎಲ್ಲಾ ನಮ್ಮ ಮನೀ ದಾನದ್ದು ಎಂದಳು.

ತವರಿನ ಸೊಸೆ ಆರತಿ ಮಾಡಬೇಕು ಎಂದು ಕರೆದರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟ ಮಂದಾಕಿನಿಯ ಹಣೆಗೆ ಕುಂಕುಮ ಇಡಲು ನಲಿನಿ ಬಾಗಿದಾಗ, ಅವಳು ತುಟಿ ಅಲುಗಿಸದೆ ಹೇಳಿದಳು.

"ವೈನಿ... ಗಂಡು ಹುಟ್ಟಿದ್ರಷ್ಟೇ ಕರೀಲಿಕ್ಕೆ ಬರ್ತಾರಂತ. ಹೆಣ್ಣಾದ್ರ ತವರಮನ್ಯಾಗ ಇರು ಅಂದಾರ."

ಹೆಂಗಸರು ಹಾಡು ಹಿಡಿಯಲು ಕಾಯುತ್ತಿದ್ದರು. ನಲಿನಿ ಅವಳ ಹಣೆಯ ಕುಂಕುಮ ಮೂಗಿನ ಮೇಲೆ ಉದುರಿದ್ದನ್ನು ಸೆರಗಿನಿಂದ ಒರೆಸಿದಳು.

"ಇರು. ನನ್ನ ಖೋಲ್ಯಾಗ ಈಗ ಭಾಳ ಜಾಗಾ ಅದ," ಎಂದು, ಆರತಿಯ ಬತ್ತಿಗಳನ್ನು ಒಂದೊಂದಾಗಿ ಹೊತ್ತಿಸಿದಳು.