ವಿಳಾಸ ಬದಲಾದ ಗಳಿಗೆ

ಅವಳು ಇವತ್ತು ಸಂಜೆಗೆ ಕೆಲಸವನ್ನೇ ಬಿಟ್ಟು ಹೋಗುತ್ತಾಳೆ ಎಂಬ ಸುದ್ದಿ ಅವನಿಗೆ ಮೆಟ್ಟಿಲ ಮೇಲೆ ಸಿಕ್ಕಿತು. ಉಳಿದ ಮೆಟ್ಟಿಲುಗಳನ್ನು ಅವನು ಎರಡೆರಡಾಗಿ ಹತ್ತಿದ.

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಅವಳಿಗೆ ತಣ್ಣೀರು ಅಂತ ಅಡ್ಡಹೆಸರು. ಎಂಥ ಗಾಬರಿಯಲ್ಲಿ ಫೋನ್ ಮಾಡಿದವರೂ ಅವಳ ದನಿ ಕೇಳಿ ತಣ್ಣಗಾಗುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳುವ ಅವನಿಗೆ ಅವಳಿಟ್ಟ ಹೆಸರು ಇಲಿ ಡಾಕ್ಟ್ರು. ಕೆಡದ ಮೌಸನ್ನೂ ದಿನಾ ಬಂದು ಪರೀಕ್ಷಿಸುತ್ತಿದ್ದನಲ್ಲ!

"ಏನು ಡಾಕ್ಟ್ರೇ, ರೋಗಿ ಉಳಿಯುತ್ತಾ?" ಎಂದು ಓರೆಗಣ್ಣಲ್ಲಿ ಕೇಳಿದರೆ ಅವನು ಕಿವಿಯವರೆಗೂ ಕೆಂಪಾಗುತ್ತಿದ್ದ.

ಈಗ ಆ ಓರೆನೋಟವಿಲ್ಲ. ಕಳೆದ ತಿಂಗಳು ಒಬ್ಬ ಅಜ್ಜಿ ಗಂಡನಿಗಾಗಿ ಅಳುತ್ತಾ ಫೋನ್ ಮಾಡಿದಾಗ, ಅವರ ಹೊಸ ಮನೆಗೆ ಹೋಗಬೇಕಿದ್ದ ಗಾಡಿ ಅವರ ಹಳೆಯ ಮನೆಗೆ ಹೋಗಿಬಿಟ್ಟಿತ್ತು. ತಡವಾದರೂ ಅಜ್ಜ ಬದುಕಿದ, ಆದರೆ ಮಾತು ಹೋಯಿತು. ಹೊಸ ವಿಳಾಸ ಹಾಕಿದ್ದೆ ಎಂದು ಅವಳು ಅತ್ತುಕೊಂಡು ಹೇಳಿದಳು. ದಾಖಲೆಯಲ್ಲಿದ್ದದ್ದು ಹಳೆಯದು. ಬರಬರುತ್ತಾ ಅವಳೂ ತನ್ನನ್ನು ನಂಬದಾದಳು.

ಅವನು ಅವಳನ್ನು ಪಕ್ಕದ ರೂಮಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಕಂಪ್ಯೂಟರಿನ ಮುಂದೆ ಕರೆದ. "ಅವತ್ತು ಮಾಡಿದ ಹಾಗೇ ಒಂದ್ಸಲ ಮಾಡಿ ತೋರಿಸ್ತೀರಾ?"

"ಗಾಯಕ್ಕೆ ಉಪ್ಪು ಹಚ್ಚೋಕೆ ಇವತ್ತೇ ಬೇಕಿತ್ತಾ?"

"ದಯವಿಟ್ಟು."

ಅವನು ಫೋನ್ ಮಾಡಿದವನಂತೆ ಮಾತಾಡಿದ, ಅವಳು ಟೈಪ್ ಮಾಡಿದಳು. ಹೊಸ ವಿಳಾಸವೇ ಹೋಯಿತು. ಮತ್ತೆ ಮಾಡಿದರು. ಆಗಲೂ ಸರಿಯಾಗಿಯೇ ಹೋಯಿತು.

"ಬಿಡಿ," ಎಂದು ಅವಳು ಎದ್ದಳು. "ತಪ್ಪು ನಂದೇ."

"ಕೂತ್ಕೊಳ್ಳಿ. ನೀವು ದಿನಾ ಮಾಡೋ ಹಾಗೆ ಈಗ ಮಾಡ್ತಿಲ್ಲ. ಆ ಕಡೆ ಯಾರಾದ್ರೂ ಅತ್ರೆ ನೀವು ಸ್ಕ್ರೀನ್ ನೋಡಲ್ಲ. ಕಣ್ಣು ಮುಚ್ಕೋತೀರಿ. ಸಮಾಧಾನ ಹೇಳಿ ಮುಗಿಸಿ, ನೋಡದೇನೇ ಎಂಟರ್ ಒತ್ತುತೀರಿ."

ಅವಳು ಅವನನ್ನೇ ನೋಡಿದಳು. "ನನಗೇ ಗೊತ್ತಿಲ್ಲ ಅದು. ನಿಮಗೆ ಹೇಗೆ ಗೊತ್ತು?"

"ನೋಡಿದೀನಿ." ಅವನ ದನಿ ಉಡುಗಿತು. "ಮೌಸ್ ನೋಡೋಕೆ ಬರ್ತಿರಲಿಲ್ಲ ನಾನು."

ಅವಳು ತುಟಿ ಕಚ್ಚಿ ಕೂತಳು. ಫೋನ್ ನಂಬರಿನ ಜೊತೆ ತಾನಾಗೇ ಬಂದಿದ್ದ ಹಳೆಯ ವಿಳಾಸ ಅಳಿಸಿ ಹೊಸದನ್ನು ಟೈಪ್ ಮಾಡಿ ಕಣ್ಣು ಮುಚ್ಚಿದಳು. "ಗಾಡಿ ಹೊರಟಿದೆ ಅಮ್ಮಾ, ನಾನು ಇಲ್ಲೇ ಇದೀನಿ," ಎನ್ನುವಾಗ ರೆಪ್ಪೆಯಡಿಯಿಂದ ನೀರು ಜಾರಿತು. ಅದೇ ಹೊತ್ತಿಗೆ ಅವನ ಕಣ್ಣೆದುರೇ ಸ್ಕ್ರೀನಿನ ಮೇಲೆ ವಿಳಾಸದ ಪೆಟ್ಟಿಗೆಯೊಳಗಿನ ಅಕ್ಷರಗಳು ಮಿನುಗಿ ಹಳೆಯ ವಿಳಾಸವಾದವು. ಅವಳ ಬೆರಳು ಎಂಟರ್ ಒತ್ತಿತು.

"ಕಣ್ಣು ಬಿಡಿ," ಎಂದ. ಪೆಟ್ಟಿಗೆಯತ್ತ ಬೆರಳು ತೋರಿಸಿದ.

ಅವಳು ನೋಡಿದಳು. ಅಲ್ಲಿ ಹಳೆಯ ವಿಳಾಸವಿತ್ತು.

"ಈ ಪೇಜು ಪೂರ್ತಿ ಬದಲಾಗಲ್ಲ," ಅವನು ತಡವರಿಸುತ್ತಾ ಹೇಳಿದ. "ಗಾಡಿಗಳ ಪಟ್ಟಿ ಇರೋ ತುಂಡು ಮಾತ್ರ ಆಗಾಗ ಸರ್ವರಿಗೆ ಹೋಗಿ ಹೊಸದಾಗಿ ಬರುತ್ತೆ. ವಿಳಾಸದ ಪೆಟ್ಟಿಗೇನೂ ಅದೇ ತುಂಡಿನಲ್ಲಿದೆ. ನೀವು ತಿದ್ದೋ ಮೊದ್ಲೇ ಹೊರಟಿದ್ದು, ತಿದ್ದಿದ ಮೇಲೆ ವಾಪಸ್ ಬಂದು ಹಳೇದನ್ನೇ ತಂದು ಹಾಕಿದೆ. ತುಂಡು ಹೊರಡುವಾಗ ಪೇಜು ಒಂದು ಸೂಚನೆ ಕೊಡುತ್ತೆ, ಇವೆಂಟ್ ಅಂತಾರೆ ಅದಕ್ಕೆ; ಬಂದು ಸೇರುವಾಗ ಇನ್ನೊಂದು. ಆ ಹೊತ್ತಲ್ಲಿ ನೀವು ಬರೆದದ್ದನ್ನ ಕಾಪಾಡಿ ಮತ್ತೆ ಅಲ್ಲೇ ಇಡಬೇಕಿತ್ತು. ಪೇಜ್ ಮಾಡಿದವರು ಯಾರೂ ಆ ಇವೆಂಟುಗಳಿಗೆ ಕಿವಿ ಕೊಟ್ಟಿಲ್ಲ."

"ಅಂದ್ರೆ ನಾನು..."

"ಸರಿಯಾಗೇ ಹಾಕಿದ್ರಿ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಅಲ್ಲೇ ಕೂತು ಆ ಎರಡು ಇವೆಂಟುಗಳಿಗೂ ಕೋಡ್ ಬರೆದ. ಬಾಸ್ ಬಂದು ಕಣ್ಣಾರೆ ನೋಡಿ, "ಕೆಲಸ ಬಿಡಬೇಡ, ನಾಳೇನೂ ಬಾಮ್ಮ," ಎಂದು ತಲೆ ತಗ್ಗಿಸಿ ಹೋದರು.

ಅವಳು ಮಾತ್ರ ಅಲುಗಲಿಲ್ಲ. "ಆ ಅಜ್ಜಿ 'ಬಂತೇನಮ್ಮಾ, ಬಂತೇನಮ್ಮಾ' ಅಂತಾನೇ ಇದ್ರು. ಬಂತು ಅಂದೆ ನಾನು. ಆ ದನಿ ಕಿವಿಯಿಂದ ಹೋಗುತ್ತಾ?"

ಅವನು ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡ.

"ಗೊತ್ತಿಲ್ಲ," ಎಂದ. "ಈ ಕುರ್ಚಿ ಬೇಡ ಅನ್ಸಿದ್ರೆ ಬಿಟ್ಬಿಡಿ. ನನ್ನನ್ನ ಬಿಡಬೇಡಿ. ಒಬ್ಬರೇ ಕೇಳಿಸ್ಕೋಬೇಡಿ ಆ ದನೀನ."

ಅವಳು ಅವನ ತೋಳಿಗೆ ಹಣೆ ಆನಿಸಿದಳು.

"ನಾಳೆ ಆ ಅಜ್ಜಿ ಮನೆಗೆ ಹೋಗ್ಬೇಕು," ಎಂದಳು. "ಜೊತೆಗೆ ಬರ್ತೀಯಾ?"

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.