ಹನ್ನೊಂದು ಮಕ್ಕಳು ಬಿಡಿಸಿದ ಮುಖ

"ಈ ಹನ್ನೊಂದು ಮಕ್ಕಳು ಅವತ್ತು ಬಂದಿರ್ಲಿಲ್ವಾ ಮೇಡಂ?"

ಗಣಿತದ ಮೇಷ್ಟ್ರು ನನ್ನ ಫೈಲನ್ನು ಡೆಸ್ಕಿನ ಮೇಲಿಟ್ಟು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ಏರುಪೇರಾಗುವುದಿಲ್ಲ. ನಿಜ ಹೇಳುವಾಗಲೂ ಅಷ್ಟೇ.

"ಒಂದೇ ದಿನ ಹನ್ನೊಂದು ಮಕ್ಕಳು ಬರದೇ ಇದ್ರೆ ನಮ್ಮ ಹೆಡ್‌ಮಾಸ್ಟರು ನನ್ನನ್ನ ಮನೆಮನೆಗೆ ಓಡಿಸ್ತಾರೆ. ನಿಮ್ಮವರು ದೇವರಂಥವರು ಬಿಡಿ."

ಅವರು ನಗಲಿಲ್ಲ. ತಪ್ಪಾದ ಲೆಕ್ಕವನ್ನು ಅಳಿಸುವ ಮುನ್ನ ಇನ್ನೊಮ್ಮೆ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿದರು.

ವಾರವಿಡೀ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಮಾಡುವ ನಾವು ಶನಿವಾರ ಮಾತ್ರ ವಿದ್ಯಾರ್ಥಿಗಳು. ಶಿಕ್ಷಕರ ಆ ಕೋರ್ಸಿನಲ್ಲಿ ಎಲ್ಲರೂ ತಮ್ಮ ತರಗತಿಯ ಬಗ್ಗೆ ಸೃಜನಶೀಲವಾದ ಒಂದು ಸಂಶೋಧನೆ ಮಾಡಬೇಕಿತ್ತು. ಆದರೆ ಅದನ್ನು ತಾವೇ ಮಂಡಿಸುವಂತಿರಲಿಲ್ಲ. ಸಹಪಾಠಿಯೊಬ್ಬರು ಮಂಡಿಸಬೇಕು, ಮಾಡಿದವರು ತುಟಿ ಬಿಚ್ಚದೆ ಕೇಳುತ್ತ ಕೂರಬೇಕು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಈ ಮೇಷ್ಟ್ರು ಬಂದರು, ಅವರ ಪಾಲಿಗೆ ನಾನು.

ಅವರದು 'ತಪ್ಪುಗಳ ಗೋಡೆ'. ಮಕ್ಕಳು ತಾವು ಮಾಡಿದ ಚೆಂದದ ತಪ್ಪನ್ನು ಬರೆದು ಗೋಡೆಗೆ ಅಂಟಿಸುವುದು. ಮೇಷ್ಟ್ರ ತಪ್ಪುಗಳೂ ಅಲ್ಲಿದ್ದವು, ಎದ್ದು ಕಾಣುವ ಹಾಗೆ. ಹಿಂದಿನ ವಾರ ನಾನೇ ಅದನ್ನು ಮಂಡಿಸಿದ್ದೆ.

ನನ್ನದು, 'ನಾನು ತಪ್ಪು ಉತ್ತರ ಹೇಳಿದಾಗ ಟೀಚರ್ ಮುಖ'. ಮೂವತ್ತೆಂಟು ಮಕ್ಕಳು ಚಿತ್ರ ಬರೆದಿದ್ದರು. ಕೆಂಪು ಮೂಗು, ಗಂಟಿಕ್ಕಿದ ಹುಬ್ಬು, ಒಬ್ಬನಂತೂ ಮೀಸೆಯನ್ನೂ ದಯಪಾಲಿಸಿದ್ದ. ಹನ್ನೊಂದು ಚಿತ್ರಗಳು ಮಾತ್ರ ಬೇರೆ ಥರ. ಕೂದಲಿತ್ತು, ಕನ್ನಡಕವಿತ್ತು, ಓಲೆಯಿತ್ತು. ಮುಖ ಖಾಲಿ. ಒಂದರ ಕೆಳಗೆ, 'ಟೀಚರ್ ಬೈಯಲ್ಲ. ನಗೋದೂ ಇಲ್ಲ' ಎಂದಿತ್ತು. ಆ ಹನ್ನೊಂದನ್ನು ತೆಗೆದಿಟ್ಟು ಉಳಿದವನ್ನು ಮೇಷ್ಟ್ರಿಗೆ ಕೊಟ್ಟಿದ್ದೆ. ಆದರೆ ಪ್ರತಿ ಹಾಳೆಯ ಮೂಲೆಯಲ್ಲೂ ರೋಲ್ ನಂಬರ್ ಬರೆಸಿದವಳು ನಾನೇ. ಅತಿ ಜೋಪಾನದವರು ಸಿಕ್ಕಿಬೀಳುವುದೇ ಹೀಗೆ.

ಅಮ್ಮ ಹೋಗಿ ಎರಡು ವರ್ಷವಾಗಿತ್ತು. ನಾನು ಅತ್ತಿರಲಿಲ್ಲ. ನಾಲ್ಕನೆಯ ದಿನ ಶಾಲೆಗೆ ಹೋಗಿದ್ದೆ. ಗಟ್ಟಿಗಿತ್ತಿ ಎಂದು ದೊಡ್ಡಮ್ಮ ಎಲ್ಲರೆದುರು ಹೊಗಳಿದ್ದಳು. ಅದು ಗಟ್ಟಿತನವಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಹನ್ನೊಂದು ಮಕ್ಕಳಿಗೂ ಗೊತ್ತಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆ ಹಾಳೆಗಳನ್ನು ಬ್ಯಾಗಿನಿಂದ ತೆಗೆದು ಮೇಷ್ಟ್ರ ಮುಂದಿಟ್ಟೆ. ಏಕೆ ಇಟ್ಟೆನೋ ಹೇಳಲಾರೆ. ಅವರು ಒಂದೊಂದನ್ನೂ ನೋಡಿದರು. ಸಮಾಧಾನ ಹೇಳಲು ಬರಲಿಲ್ಲ, ಎಲ್ಲ ಸರಿಹೋಗುತ್ತೆ ಎನ್ನಲಿಲ್ಲ. ಟೀ ಆರಿತು. ನೀವು ಒಪ್ಪದೆ ಇವನ್ನು ಯಾರಿಗೂ ತೋರಿಸುವುದಿಲ್ಲ, ಆದರೆ ಮಕ್ಕಳು ಗೈರುಹಾಜರು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ ಎಂದು ಹಾಳೆಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು.

ಮುಂದಿನ ಶನಿವಾರವೇ ಕೊನೆಯ ತರಗತಿ. ಇಪ್ಪತ್ತೇಳು ಚಿತ್ರಗಳನ್ನು ಬೋರ್ಡಿಗೆ ಅಂಟಿಸಿ ಅವರು ಸೊಗಸಾಗಿ ಮಾತಾಡಿದರು. ಮೀಸೆಗೆ ಎಲ್ಲರೂ ನಕ್ಕರು. ಕೊನೆಯಲ್ಲಿ, ಇನ್ನೂ ಹನ್ನೊಂದಿವೆ, ಅವು ಬರೆಸಿದವರ ಹತ್ತಿರವೇ ಇವೆ ಎಂದಷ್ಟೇ ಹೇಳಿ ನಿಂತರು. ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವರು ಪಡುತ್ತಿದ್ದ ಪಾಡು ನನಗೆ ಕಾಣುತ್ತಿತ್ತು.

ಬ್ಯಾಗು ತೆರೆದೆ. ಎದ್ದು ಹೋಗಿ ಹನ್ನೊಂದನ್ನೂ ಮೇಜಿನ ಮೇಲೆ ಹರಡಿದೆ.

ನಮ್ಮಲ್ಲೆಲ್ಲ ಹಿರಿಯರು, ಎಲ್ಲರೂ ಅಕ್ಕ ಎನ್ನುವ ಸಂಗೀತದ ಟೀಚರ್, ಬಗ್ಗಿ ನೋಡಿದರು.

"ನನ್ನ ಕ್ಲಾಸಲ್ಲಿ ಬರೆಸಿದ್ರೆ ಐವತ್ತಕ್ಕೆ ಐವತ್ತೂ ಹೀಗೇ ಬರ್ತಿತ್ತು ಕಣೇ. ಅದಕ್ಕೇ ನಾನು ಬರೆಸೋ ಸಾಹಸ ಮಾಡ್ಲಿಲ್ಲ."

ಆಮೇಲೆ ಒಬ್ಬೊಬ್ಬರಾಗಿ ತಮ್ಮ ಫೈಲಿಗೆ ಸೇರಿಸದೆ ಬಿಟ್ಟದ್ದನ್ನು ಹೇಳತೊಡಗಿದರು. ಇಡೀ ವರ್ಷದಲ್ಲಿ ನಾವು ಒಬ್ಬರಿಂದೊಬ್ಬರು ಕಲಿತದ್ದಕ್ಕಿಂತ ಆ ಅರ್ಧ ಗಂಟೆಯಲ್ಲಿ ಹೆಚ್ಚು ಕಲಿತೆವು. ನಾನು ಸುಮ್ಮನೆ ಕೇಳಿಸಿಕೊಂಡೆ.

ಕ್ಯಾಂಟೀನಿನಲ್ಲಿ ಮೇಷ್ಟ್ರು ಟೀ ತಂದರು. ಕೂರಲು ನನಗೆ ತೋಚಲಿಲ್ಲ. ಸೋಮವಾರದಿಂದಲೇ ಶನಿವಾರಕ್ಕೆ ಕಾಯುವುದು ತನಗೆ ಅಭ್ಯಾಸವಾಗಿಬಿಟ್ಟಿದೆ ಎಂದು ಅವರು ಲೋಟಕ್ಕೆ ಹೇಳುವಂತೆ ಹೇಳಿದರು.

"ಕೋರ್ಸ್ ಮುಗೀತು. ಮುಂದಿನ ಶನಿವಾರಾನೂ ನಾನು ಇಲ್ಲಿಗೆ ಬರ್ತೀನಿ. ನೀವು ಬರ್ತೀರಾ?"

ಒಳ್ಳೆಯ ಮಾತೊಂದಕ್ಕಾಗಿ ಹುಡುಕಿದೆ. ಸಿಗಲಿಲ್ಲ. ಇದ್ದದ್ದನ್ನೇ ಹೇಳಿದೆ.

"ನನಗೆ ಏನೂ ಅನ್ಸಲ್ಲ ಸರ್. ನಿಮ್ಮನ್ನ ನೋಡಿದ್ರೆ ಎದೆ ಡವಡವ ಅನ್ನಲ್ಲ. ಆದ್ರೆ ಹೋದ ತಿಂಗಳು ನೀವು ಬರದೇ ಇದ್ದ ಶನಿವಾರ, ಎಲ್ಲಿ ಕೂರ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ನಿಂತೇ ಇದ್ದೆ."

"ಎಷ್ಟು ಹೊತ್ತು?"

"ಹಾಜರಿ ಮುಗಿಯೋವರೆಗೂ."

ಅವರು ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗನ್ನು ತೆಗೆದು ನೆಲಕ್ಕಿಟ್ಟರು.

ಕುರ್ಚಿ ಬೆಚ್ಚಗಿತ್ತೋ ತಣ್ಣಗಿತ್ತೋ ಹೇಳಲಾರೆ. ಕೂತೆ.